ಬೆಂಚಿನ ಮೇಲೆ ಭಾವ, ನಾಯಿ ಹಿಡಿದ ಅಕ್ಕ

ನಗರ ಯೋಜನಾ ಕಚೇರಿಯಲ್ಲಿ ಅವನಿಗೆ ಹಸಿರಪ್ಪ ಅಂತ ಹೆಸರು ಬಿದ್ದು ಎಷ್ಟೋ ಕಾಲವಾಗಿತ್ತು. ಅವನ ನಿಜವಾದ ಹೆಸರು ಹೆಂಡತಿ ಒಬ್ಬಳನ್ನು ಬಿಟ್ಟರೆ ಯಾರಿಗೂ ಬೇಕಾಗುತ್ತಿರಲಿಲ್ಲ. ಅವಳಿಗೂ ಬೈಯುವಾಗ ಮಾತ್ರ ಬೇಕಾಗುತ್ತಿತ್ತು. ನಕ್ಷೆಯಲ್ಲಿ ಎಲ್ಲೆಲ್ಲಿ ಏನು ಮಾಡಬೇಕೆಂದು ದೊಡ್ಡವರಿಗೆ ತೋಚುವುದಿಲ್ಲವೋ ಅಲ್ಲಲ್ಲಿ ಮರ ನೆಡುವುದು ಅವನ ಕೆಲಸ. ಎರಡು ಕಟ್ಟಡಗಳ ನಡುವೆ ಸಂದು ಉಳಿಯಿತೇ, ಸಾಲುಮರ. ರಸ್ತೆ ಎಲ್ಲಿಗೂ ಹೋಗದೆ ನಡುವೆಯೇ ನಿಂತಿತೇ, ಅದರ ತುದಿಗೊಂದು ತೋಪು. ಚರಂಡಿಗೆ ದಾರಿ ಬಿಡುವುದನ್ನು ಯಾರಾದರೂ ಮರೆತರೆ ಆ ಮರೆವಿನ ಮೇಲೊಂದು ಪೊದೆ. ಅವನು ಕಾಗದದ ಮೇಲೆ ಬೆಳೆಸಿದ ಕಾಡಿನಲ್ಲಿ ಹುಲಿ ಸಾಕಬಹುದಿತ್ತು. ಸ್ವಂತ ಮನೆಯ ಬಾಲ್ಕನಿಯಲ್ಲಿದ್ದ ಒಂದೇ ಒಂದು ಕುಂಡದ ಗಿಡ ಮಾತ್ರ ನೀರು ಕಾಣದೆ ಒಣಗಿ ನಿಂತಿತ್ತು.

ಆತ ಬೆಳೆದದ್ದು ಮಾತ್ರ ಮರ ಎಂಬ ಪದಾರ್ಥವೇ ಇಲ್ಲದ ಕಡೆ. ಊರಿನ ಹಳೆಯ ಕಾರ್ಖಾನೆ ಪ್ರದೇಶ ಅದು. ಎಂದೋ ಮುಚ್ಚಿದ ಗಿರಣಿ, ಹೊಗೆ ಬಿಡುವುದನ್ನು ಮರೆತ ಅದರ ಚಿಮಣಿ, ಪಕ್ಕದಲ್ಲಿ ಕಪ್ಪು ನೀರಿನ ಕಾಲುವೆ, ಇವುಗಳ ಬೆನ್ನಿಗೆ ಅಂಟಿಕೊಂಡ ಗಲ್ಲಿಯ ತುಂಬ ಸಣ್ಣಪುಟ್ಟ ಶೆಡ್ಡುಗಳು. ಒಂದರಲ್ಲಿ ಲೇತು, ಒಂದರಲ್ಲಿ ವೆಲ್ಡಿಂಗು, ಇನ್ನೊಂದರಲ್ಲಿ ಉಕ್ಕಿನ ಅಚ್ಚಿನ ಡೈ ಕೊರೆಯುವುದು. ಅವುಗಳ ನಡುವೆ ಅವನ ಭಾವನ ಸ್ಪ್ರಿಂಗ್ ಶೆಡ್ಡು. ಕೆಳಗೆ ತಂತಿ ಸುತ್ತುವ ಯಂತ್ರ, ಮೇಲೆ ಮನೆ. ಅಪ್ಪ ಅಮ್ಮ ಬೇಗ ತೀರಿಕೊಂಡಿದ್ದರಿಂದ ಅಕ್ಕನೇ ತಮ್ಮನನ್ನು ಆ ಮನೆಗೆ ಕರೆದುಕೊಂಡು ಬಂದು ಸಾಕಿದಳು. ಕೆಳಗೆ ಯಂತ್ರ ಶುರುವಾಯಿತೆಂದರೆ ಮೇಲೆ ನೆಲ ನಡುಗುತ್ತಿತ್ತು, ಪಾತ್ರೆಗಳು ಕುಣಿಯುತ್ತಿದ್ದವು. ಅಕ್ಕ ಒಂದೊಂದು ಪಾತ್ರೆಯ ಕೆಳಗೂ ಹಳೆ ಬಟ್ಟೆಯ ತುಂಡು ಹಾಸಿ ಇಟ್ಟಿದ್ದಳು. ಆ ನಡುಗುವ ನೆಲದ ಮೇಲೆ ಬೋರಲಾಗಿ ಮಲಗಿ ಅವನು ಗೆರೆ ಎಳೆಯುವುದನ್ನು ಕಲಿತ.

ಭಾವ ಮಾತಿನಲ್ಲಿ ಬಲು ಜಿಪುಣ. ಹುಡುಗನ ಕೈಗೆ ತಂತಿ ಕೊಟ್ಟು ನೋಡಿದರು, ಅವನು ಬೆರಳು ಕೊಯ್ದುಕೊಂಡ. ಪೆನ್ಸಿಲ್ ಕೊಟ್ಟು ನೋಡಿದರು, ಯಂತ್ರದ ಚಿತ್ರ ಬರೆದ. ‘ಇದು ಕಾಗದದ ಕೈ’ ಎಂದು ಒಂದೇ ಮಾತಿನಲ್ಲಿ ತೀರ್ಮಾನ ಮಾಡಿ ನಕ್ಷೆ ತರಗತಿಗೆ ಸೇರಿಸಿದರು. ಹಸಿರಪ್ಪ ಕಲಿತ, ಕೆಲಸಕ್ಕೆ ಸೇರಿದ, ಮದುವೆಯಾದ, ನೆಲ ನಡುಗದ ಬಡಾವಣೆಯಲ್ಲಿ ಮನೆ ಹಿಡಿದ. ರಜೆಯ ದಿನ ಅಕ್ಕನ ಮನೆಗೆ ಬಂದರೆ ಹೊರಡುವಾಗ ಮೆಟ್ಟಿಲ ಬಳಿ ನಿಂತು ಬೂಟಿನ ಎಣ್ಣೆ ಒರೆಸಿಕೊಳ್ಳುತ್ತಿದ್ದ. ಅಕ್ಕ ಅದನ್ನು ನೋಡಿಯೂ ನೋಡದ ಹಾಗಿರುತ್ತಿದ್ದಳು.

ಹೀಗಿರುವಾಗ ಹಳೆಯ ಕಾರ್ಖಾನೆ ಪ್ರದೇಶಕ್ಕೆ ಹೊಸ ಜೀವ ತುಂಬಬೇಕೆಂದು ಕಚೇರಿಗೆ ಅನ್ನಿಸಿತು. ಅಲ್ಲಿ ಈಗಾಗಲೇ ಜೀವ ಇದೆಯೇ ಎಂದು ಕೇಳುವ ಅಭ್ಯಾಸ ಯೋಜನಾ ಕಚೇರಿಗಳಿಗೆ ಇರುವುದಿಲ್ಲ. ಮುಖ್ಯ ಯೋಜಕರು ಕಾಲುವೆಯ ದಂಡೆಯಲ್ಲಿ ಒಂದು ಸಲ ಮೂಗಿಗೆ ಕರವಸ್ತ್ರ ಹಿಡಿದು ನಡೆದು ಬಂದರು, ಯೋಜನೆ ಹುಟ್ಟಿತು. ಗಿರಣಿ ಇದ್ದಲ್ಲಿ ಎತ್ತರದ ವಸತಿ ಕಟ್ಟಡಗಳು. ಗಲ್ಲಿ ಇದ್ದಲ್ಲಿ ಅಗಲವಾದ ಕಾಲುದಾರಿ ಮತ್ತು ಕಾರಂಜಿ. ಚಿಮಣಿಯನ್ನು ಮಾತ್ರ ಕೆಡವುವಂತಿಲ್ಲ, ಅದು ಪರಂಪರೆ. ಅದಕ್ಕೆ ಸುತ್ತಲೂ ಬಣ್ಣದ ದೀಪ ಹಾಕುವುದು. ಚಿಮಣಿಯ ಕೆಳಗೆ ದುಡಿದವರು ಪರಂಪರೆಯೋ ಅಲ್ಲವೋ ಎಂಬ ಬಗ್ಗೆ ವರದಿಯಲ್ಲಿ ಒಂದೇ ಸಾಲು ಇತ್ತು: ಈಗಿರುವ ಕುಶಲಕರ್ಮಿಗಳಿಗೆ ಸೂಕ್ತ ಅವಕಾಶ ಕಲ್ಪಿಸಲಾಗುವುದು. ‘ಸೂಕ್ತ’ ಎನ್ನುವುದು ಆ ಕಚೇರಿಯ ಅತ್ಯಂತ ಉಪಯುಕ್ತ ಮಾತು. ಅದರೊಳಗೆ ಏನನ್ನು ಬೇಕಾದರೂ ತುಂಬಬಹುದಿತ್ತು, ಏನನ್ನೂ ತುಂಬದೆಯೂ ಬಿಡಬಹುದಿತ್ತು.

ಗಲ್ಲಿಯ ಶೆಡ್ಡುಗಳೆಲ್ಲ ಹಿಂದೆ ಗಿರಣಿಯವರು ಬಾಯಿಮಾತಿನಲ್ಲಿ ಬಾಡಿಗೆಗೆ ಕೊಟ್ಟವು. ಹೀಗಾಗಿ ಸುದ್ದಿ ಕಿವಿಗೆ ಬಿದ್ದ ದಿನವೇ ಗಲ್ಲಿಗೆ ಜ್ವರ ಬಂತು. ವೆಲ್ಡಿಂಗಿನವನು ಮತ್ತು ಡೈ ಕೊರೆಯುವವನು ಎಷ್ಟೋ ವರ್ಷದಿಂದ ಮುಖ ಕೊಟ್ಟು ಮಾತಾಡಿದವರಲ್ಲ. ಅವರು ಸಹ ಒಂದೇ ಬೆಂಚಿನ ಮೇಲೆ ಕೂತು, ಯೋಜನೆಯ ಬಹಿರಂಗ ಸಭೆಗೆ ಎಲ್ಲರೂ ಹೋಗಿ ಒಂದೇ ಬಾಯಲ್ಲಿ ಆಗೋದಿಲ್ಲ ಅನ್ನಬೇಕು ಎಂದು ತೀರ್ಮಾನ ಮಾಡಿದರು. ಹಾಗೆ ಆಗಿದ್ದರೆ ಈ ಕತೆಯೇ ಬೇರೆ ಇರುತ್ತಿತ್ತು. ಆದರೆ ನಡುವೆ ಹಸಿರಪ್ಪ ಕ್ಯಾಮೆರಾ ಹಿಡಿದು ಬಂದ.

ಯೋಜನೆ ಯಾವುದೇ ಇರಲಿ, ಅದಕ್ಕೊಂದು ದೊಡ್ಡ ಬಣ್ಣದ ಚಿತ್ರ ಬೇಕು: ಎಲ್ಲ ಕಟ್ಟಿ ಮುಗಿದ ಮೇಲೆ ಒಂದು ಸಂಜೆ ಆ ಜಾಗ ಹೇಗಿರುತ್ತದೆ ಎಂದು ತೋರಿಸುವ ಚಿತ್ರ. ಅದರಲ್ಲಿ ಓಡಾಡುವ ಜನರನ್ನು ಕಚೇರಿ ಕಂಪ್ಯೂಟರಿಗೆಂದು ಒಂದು ಕಂಪನಿಯಿಂದ ಸಗಟಾಗಿ ಕೊಂಡುಕೊಂಡಿತ್ತು. ಬಲೂನು ಹಿಡಿದ ಗಂಡಸು, ನಗುವ ಮಗು, ಸೈಕಲ್ ಮೇಲೆ ಕಡ್ಡಿಯಂಥ ಒಬ್ಬ ಹೆಂಗಸು, ಬಗೆಬಗೆಯ ನಾಯಿಗಳು. ಹಿಂದಿನ ವರ್ಷ ಅದೇ ಸೈಕಲ್ ಹೆಂಗಸು ಹೊಸ ಆಸ್ಪತ್ರೆಯ ಚಿತ್ರದಲ್ಲೂ ಹೊಸ ಸ್ಮಶಾನದ ಚಿತ್ರದಲ್ಲೂ ಅದೇ ನಗು ನಗುತ್ತ ಹೋಗಿದ್ದಳು. ಪತ್ರಿಕೆಯವರು ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕಿ, ಪಾಪ, ಆಸ್ಪತ್ರೆಯ ಚಿಕಿತ್ಸೆ ಫಲಿಸಲಿಲ್ಲವೆಂದು ಕಾಣುತ್ತದೆ ಎಂದು ಬರೆದರು. ಮುಖ್ಯ ಯೋಜಕರಿಗೆ ಅದು ಚುಚ್ಚಿತು. ಈ ಸಲ ಎಲ್ಲ ಸ್ಥಳೀಯ ಮುಖಗಳೇ ಇರಬೇಕೆಂದು ಅಪ್ಪಣೆಯಾಯಿತು. ಹಸಿರಪ್ಪನಿಗೆ ಗೊತ್ತಿದ್ದ ಸ್ಥಳೀಯ ಮುಖ ಎಂದರೆ ಮೊದಲು ಅಕ್ಕನದು, ಆಮೇಲೆ ಭಾವನದು.

ಭಾವನನ್ನು ತಂತಿ ಸುರುಳಿಯ ಮೇಲೆ ಕೂರಿಸಿ ಫೋಟೋ ತೆಗೆದ. ಕಚೇರಿಗೆ ಹೋಗಿ ಸುರುಳಿ ಅಳಿಸಿ ಬೆಂಚು ಹಾಕಿದ. ಅಂಗಿಯ ಎಣ್ಣೆ ಕಲೆ ತೆಗೆದ. ಭಾವ ಜನ್ಮದಲ್ಲಿ ಮೊದಲ ಸಲ ಕೆಲಸವಿಲ್ಲದೆ ಕೂತು ಕಾರಂಜಿ ನೋಡುತ್ತಿದ್ದರು. ಅಕ್ಕ ಮಾತ್ರ ನಿಂತು ಫೋಟೋ ತೆಗೆಸಿಕೊಳ್ಳಲು ಪುರುಸೊತ್ತಿಲ್ಲ ಎಂದಳು. ನೀರಿನ ಬಕೆಟ್ ಹಿಡಿದು ಹೋಗುತ್ತಿದ್ದವಳನ್ನೇ ತೆಗೆದ. ಕಚೇರಿಯಲ್ಲಿ ಬಕೆಟ್ ಅಳಿಸಿದ್ದಾಯಿತು, ಆದರೆ ಬಿಗಿ ಹಿಡಿದ ಮುಷ್ಟಿ ಹಾಗೇ ಉಳಿಯಿತು. ಖಾಲಿ ಮುಷ್ಟಿ ಹಿಡಿದು ಕಾರಂಜಿಯ ಕಡೆ ನುಗ್ಗುವ ಹೆಂಗಸು ಜಗಳಕ್ಕೆ ಹೊರಟ ಹಾಗೆ ಕಂಡಳು. ಹಸಿರಪ್ಪ ತಲೆ ಕೆರೆದುಕೊಂಡು, ಕೊಂಡ ನಾಯಿಗಳಲ್ಲಿ ಬಿಳಿ ಕೂದಲಿನ ಒಂದನ್ನು ಆರಿಸಿ, ಅದರ ಬೆಲ್ಟಿನ ತುದಿಯನ್ನು ಅಕ್ಕನ ಮುಷ್ಟಿಗೆ ಕೊಟ್ಟ. ಅಕ್ಕನಿಗೆ ನಾಯಿ ಎಂದರೆ ಪ್ರಾಣಭಯ ಎಂಬುದು ಅವನಿಗೆ ಗೊತ್ತಿತ್ತು. ಚಿತ್ರದಲ್ಲಿ ಕಚ್ಚುವುದಿಲ್ಲವಲ್ಲ ಎಂದುಕೊಂಡ.

ರಜೆಯ ದಿನ ಚಿತ್ರವನ್ನು ಹಿಡಿದು ಮನೆಗೆ ಹೋದ. ಅಕ್ಕ ಕೈ ಒರೆಸಿಕೊಂಡು ಬಂದು ನೋಡಿದಳು. ಮೊದಲು ನಾಯಿಯನ್ನು ಕಂಡು ಹಿಂದೆ ಸರಿದಳು, ಆಮೇಲೆ ಬಿದ್ದು ಬಿದ್ದು ನಕ್ಕಳು. ನಗು ನಿಂತ ಮೇಲೆ ಬಹಳ ಹೊತ್ತು ಗಂಡನ ಬೆಂಚನ್ನೂ ಚಿತ್ರದಲ್ಲಿ ತನ್ನ ಕಾಲಿಗೆ ಬಂದಿದ್ದ ಹೊಸ ಚಪ್ಪಲಿಯನ್ನೂ ನೋಡುತ್ತ ನಿಂತಳು.

“ನಾವು ಇದರಲ್ಲಿದ್ರೆ ನಮಗೆ ಅಲ್ಲಿ ಜಾಗ ಸಿಕ್ಕ ಹಾಗೇ ಅಲ್ವೇನೋ?”

ಹಸಿರಪ್ಪನಿಗೆ ಆ ಚಿತ್ರದ ಬೆಲೆ ಎಷ್ಟೆಂದು ಚೆನ್ನಾಗಿಯೇ ಗೊತ್ತಿತ್ತು. ಆದರೆ ಅಕ್ಕ ಅವನ ಕೆಲಸವನ್ನು ಮೊದಲ ಸಲ ಇಷ್ಟು ಹೊತ್ತು ನೋಡಿದ್ದಳು. ಭಾವನೂ ಯಂತ್ರ ನಿಲ್ಲಿಸಿ ಮೇಲೆ ಬಂದು ಬಾಗಿಲಲ್ಲಿ ನಿಂತಿದ್ದರು. ಅವನು ಉಬ್ಬಿ ಹೋದ.

“ಮತ್ತೆ? ಸುಮ್ನೆ ಯಾರನ್ನಾದ್ರೂ ಹಾಕ್ತಾರೇನಕ್ಕ?”

ಅಷ್ಟು ಸಾಕಾಯಿತು. ಅಕ್ಕ ಪಕ್ಕದ ಲೇತಿನವನ ಹೆಂಡತಿಗೆ ಹೇಳಿದಳು, ಅವಳು ಇಡೀ ಗಲ್ಲಿಗೆ ಹೇಳಿದಳು. ಚಿತ್ರದಲ್ಲಿ ಇದ್ದವರಿಗೆ ಹೊಸ ಕಟ್ಟಡದಲ್ಲಿ ಶೆಡ್ಡೂ ಮನೆಯೂ ಗ್ಯಾರಂಟಿ. ಮುಂದಿನ ರಜೆಗೆ ಹಸಿರಪ್ಪ ಬರುವಷ್ಟರಲ್ಲಿ ಜನ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಸಾಲು ನಿಂತಿದ್ದರು. ಲೇತಿನವನು ಮದುವೆಯ ಕೋಟು ಹೊರತೆಗೆದಿದ್ದ, ಗುಂಡಿ ಮಾತ್ರ ಹೊಟ್ಟೆಗೆ ಸೋತಿತ್ತು. ವೆಲ್ಡಿಂಗಿನವನು ತನಗೆ ಕಾರಂಜಿಯ ಪಕ್ಕವೇ ಬೇಕು ಎಂದ, ಹುಟ್ಟಿದಾಗಿನಿಂದ ಬೆಂಕಿಯ ಮುಂದೆ ಕೂತು ಸಾಕಾಗಿದೆ ಅಂತ. ಡೈ ಕೊರೆಯುವವನು ಎಲ್ಲಿ ಬೇಕಾದರೂ ನಿಲ್ಲಲು ತಯಾರಿದ್ದ, ವೆಲ್ಡಿಂಗಿನವನ ಮುಖ ಕಾಣದಿದ್ದರೆ ಸಾಕು. ಒಂದೇ ಬೆಂಚಿನ ಮೇಲೆ ಕೂತು ಮಾಡಿದ್ದ ತೀರ್ಮಾನ ಆ ಹೊತ್ತಿಗೆ ಇಬ್ಬರಿಗೂ ಮರೆತಿತ್ತು. ಒಂದು ಮನೆಯ ಅತ್ತೆ ಸೊಸೆಯರು ಬೇರೆ ಬೇರೆ ಬೆಂಚು ಕೇಳಿದರು. ಹಸಿರಪ್ಪನಿಗೆ ಯಾರೋ ಕುರ್ಚಿ ತಂದು ಹಾಕಿದರು, ಯಾರೋ ಚಹಾ ತಂದರು. ಕಚೇರಿಯಲ್ಲಿ ಅವನ ಕುರ್ಚಿಯ ಒಂದು ಕಾಲು ಎಂದಿನಿಂದಲೋ ಕುಂಟುತ್ತಿತ್ತು. ಇಲ್ಲಿ ಅವನು ಕಾಲ ಮೇಲೆ ಕಾಲು ಹಾಕಿ ಕೂತು, ಯಾರು ಎಲ್ಲಿ ಎಂದು ಹಂಚಿದ.

ಜಾಗ ಮುಗಿದಾಗ ಅವನು ಜನರನ್ನು ಚಿಕ್ಕದು ಮಾಡಿ ದೂರಕ್ಕೆ ಕಳಿಸಿದ. ನಟ್ಟು ಬೋಲ್ಟು ಮಾರುವ ಮುದುಕ ಕೊನೆಗೆ ಬಂದವನಾದ್ದರಿಂದ ಚಿಮಣಿಯ ಬುಡದಲ್ಲಿ ಒಂದು ಚುಕ್ಕೆಯಾದ.

ಬಹಿರಂಗ ಸಭೆಯ ದಿನ ಗಲ್ಲಿಗೆ ಗಲ್ಲಿಯೇ ಬಂದು ಸಭಾಂಗಣ ತುಂಬಿತು. ಮುಖ್ಯ ಯೋಜಕರು ಗಲಾಟೆ ಆಗಬಹುದೆಂದು ಬಾಗಿಲಲ್ಲಿ ಕಾವಲು ನಿಲ್ಲಿಸಿದ್ದರು. ಪರದೆಯ ಮೇಲೆ ಚಿತ್ರ ಬಿತ್ತು. ಹಿಂದೆ ಆಗೋದಿಲ್ಲ ಎನ್ನಬೇಕೆಂದಿದ್ದ ಜನ ಕತ್ತು ಚಾಚಿ ತಮ್ಮನ್ನು ತಾವು ಹುಡುಕಿಕೊಳ್ಳತೊಡಗಿದರು. ಸಿಕ್ಕವರು ಪಕ್ಕದವರಿಗೆ ಬೆರಳು ಮಾಡಿ ತೋರಿಸಿದರು. ಆಕ್ಷೇಪಗಳಿವೆಯೇ ಎಂದು ಕೇಳಿದಾಗ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಹೊಸ ಬಟ್ಟೆ ಹಾಕಿಕೊಂಡು ತಾನೇ ಕಾರಂಜಿಯ ಪಕ್ಕ ನಿಂತಿರುವಾಗ ಕಾರಂಜಿ ಬೇಡ ಎನ್ನುವುದು ಹೇಗೆ? ಎದ್ದು ನಿಂತವನು ನಟ್ಟು ಬೋಲ್ಟಿನ ಮುದುಕ ಒಬ್ಬನೇ.

“ಸ್ವಾಮಿ, ನಾನಿಲ್ಲಿ ಇರುವೆ ಥರ ಇದೀನಿ. ನಾಳೆ ಜಾಗ ಕೊಡೋರಿಗೆ ಗುರುತು ಸಿಗಬೇಕಲ್ಲ. ಸ್ವಲ್ಪ ದೊಡ್ಡದು ಮಾಡಿಸಿ.”

ಇದನ್ನು ಸಭೆಯ ವರದಿಯಲ್ಲಿ ‘ಯೋಜನೆಯಲ್ಲಿ ತಮ್ಮ ಪಾಲ್ಗೊಳ್ಳುವಿಕೆಯನ್ನು ಇನ್ನಷ್ಟು ಹಿಗ್ಗಿಸಬೇಕೆಂಬುದು ಸಾರ್ವಜನಿಕರ ಏಕೈಕ ಬೇಡಿಕೆ’ ಎಂದು ಬರೆದುಕೊಂಡರು. ಇಂಥ ಸೌಮ್ಯವಾದ ಕಾರ್ಖಾನೆ ಜನರನ್ನು ಮುಖ್ಯ ಯೋಜಕರು ಕಂಡಿರಲಿಲ್ಲ. ಹಸಿರಪ್ಪನ ಬೆನ್ನು ತಟ್ಟಿದರು. ಮರುವಾರ ಅವನಿಗೆ ಕುಂಟದ ಕುರ್ಚಿ ಬಂತು.

ಗಲ್ಲಿಗೆ ಬಂದದ್ದು ನೋಟೀಸು. ಪ್ರತಿ ಶೆಡ್ಡಿನ ಬಾಗಿಲಿಗೂ ಒಂದೊಂದು ಹಾಳೆ ಅಂಟಿಸಿ ಹೋದರು. ಸೂಕ್ತ ಅವಕಾಶದ ಅರ್ಥ ಆಗ ತಿಳಿಯಿತು. ಹೊಸ ಕಟ್ಟಡದ ಒಂದು ಮೂಲೆಯಲ್ಲಿ ಕುಶಲಕರ್ಮಿಗಳಿಗೆ ಕೋಣೆಗಳು ಇರುತ್ತವೆ. ಆದರೆ ಸದ್ದು, ಹೊಗೆ, ಎಣ್ಣೆ, ನಡುಕ ಇರುವ ಕಸುಬಿಗೆ ಅಲ್ಲಿ ಜಾಗವಿಲ್ಲ. ಮೇಣದ ಬತ್ತಿ ಮಾಡುವವರು, ಮಡಕೆಗೆ ಬಣ್ಣ ಬಳಿಯುವವರು ಬರಬಹುದು. ಗಲ್ಲಿಯಲ್ಲಿ ಮೇಣದ ಬತ್ತಿ ಕರೆಂಟು ಹೋದಾಗ ಹಚ್ಚುವ ವಸ್ತುವಾಗಿತ್ತೇ ಹೊರತು ಅದನ್ನು ಮಾಡುವವರು ಯಾರೂ ಇರಲಿಲ್ಲ.

ಭಾವ ಕಚೇರಿಗೆ ಬಂದರು. ಹಸಿರಪ್ಪನ ಹತ್ತಿರವಲ್ಲ, ಸೀದಾ ಮುಖ್ಯ ಯೋಜಕರ ಹತ್ತಿರ. ಹಸಿರಪ್ಪ ಕಂಪ್ಯೂಟರ್ ಪರದೆಯ ಹಿಂದೆ ತಲೆ ತಗ್ಗಿಸಿ, ಚೆನ್ನಾಗಿಯೇ ಇದ್ದ ಒಂದು ಪೊದೆಯನ್ನು ತಿದ್ದುತ್ತ ಕುಳಿತ. ಭಾವ ಜಾಸ್ತಿ ಮಾತಾಡಲಿಲ್ಲ. ತಾವೂ ಹೆಂಡತಿಯೂ ಚಿತ್ರದಲ್ಲಿದ್ದೇವೆ ಎಂದರು, ಗೋಡೆಯ ಮೇಲಿದ್ದ ಚಿತ್ರದಲ್ಲಿ ಬೆರಳಿಟ್ಟು ತೋರಿಸಿದರು. ಮುಖ್ಯ ಯೋಜಕರು ಕೆಟ್ಟವರೇನಲ್ಲ, ಕುರ್ಚಿ ಕೊಟ್ಟು ನೀರು ತರಿಸಿದರು.

“ಚಿತ್ರ ಬರೀ ಒಂದು ಸೂಚನೆ ಯಜಮಾನರೇ. ಅದರಲ್ಲಿ ಕಾಲುವೆ ನೀರೂ ನೀಲಿ ಇದೆ, ನೋಡಿ.”

ಭಾವ ಕಾಲುವೆಯನ್ನು ನೋಡಿದರು. ಆಮೇಲೆ ಪೊದೆ ತಿದ್ದುತ್ತಿದ್ದವನ ಕಡೆ ಒಂದು ಸಲ ನೋಡಿದರು. “ಹೂಂ” ಎಂದು ಎದ್ದು ಹೋದರು. ಬೈದಿದ್ದರೆ ಹಸಿರಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು. ಆದರೆ ಅವನಿಗೆ ಹಗುರ ಮಾಡುವ ಕೆಲಸ ಭಾವನದಲ್ಲ.

ಯಂತ್ರ ಬಿಚ್ಚಿ ಮಾರಿದರು. ಅದನ್ನು ಇಡುವಷ್ಟು ಗಟ್ಟಿ ನೆಲವಿರುವ ಶೆಡ್ಡು ಊರೊಳಗೆ ಎಲ್ಲೂ ಸಿಗಲಿಲ್ಲ. ಅಕ್ಕ ಭಾವ ಎರಡು ಕೋಣೆಯ ಬಾಡಿಗೆ ಮನೆಗೆ ಹೋದರು, ಅದೂ ಮೇಲಿನ ಮಹಡಿ. ಸ್ಪ್ರಿಂಗ್ ಸುತ್ತಿ ಸುತ್ತಿ ಬೆರಳು ಬಾಗಿದ್ದ ಭಾವ ಆ ವಯಸ್ಸಿನಲ್ಲಿ ಇನ್ನೊಬ್ಬರ ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುವ ಕೆಲಸಕ್ಕೆ ಸೇರಿದರು. ಹಸಿರಪ್ಪ ಧೈರ್ಯ ಮಾಡಿ ಒಮ್ಮೆ ಆ ಮನೆಗೆ ಹೋದ. ಅಲ್ಲಿ ನೆಲ ನಡುಗುತ್ತಿರಲಿಲ್ಲ. ಆದರೂ ಅಕ್ಕ ಒಂದೊಂದು ಪಾತ್ರೆಯ ಕೆಳಗೂ ಬಟ್ಟೆಯ ತುಂಡು ಹಾಸಿ ಇಟ್ಟಿದ್ದಳು. ಅವನಿಗೆ ಅಳು ಬಂತು. ಅಳಲು ತನಗೆ ಯಾವ ಮುಖವಿದೆ ಎಂದು ನುಂಗಿಕೊಂಡ. ಭಾವ ಪತ್ರಿಕೆಯಿಂದ ತಲೆ ಎತ್ತಲಿಲ್ಲ.

ಅಷ್ಟರಲ್ಲಿ ಗಲ್ಲಿ ಪೂರ್ತಿ ನೆಲಸಮವಾಗಿ ಸುತ್ತಲೂ ತಗಡಿನ ಬೇಲಿ ಎದ್ದಿತ್ತು. ಬೇಲಿಯ ಉದ್ದಕ್ಕೂ ಆ ಚಿತ್ರವನ್ನು ಆಳೆತ್ತರಕ್ಕೆ ಮಾಡಿ ಅಂಟಿಸಿದರು. ಭಾವ ಸರಿಯಾಗಿ ತಮ್ಮ ಶೆಡ್ಡಿನ ಬಾಗಿಲಿದ್ದ ಜಾಗದಲ್ಲಿ ಬೆಂಚಿನ ಮೇಲೆ ಕೂತಿದ್ದರು. ಅಕ್ಕ ನಾಯಿ ಹಿಡಿದು ಅವರ ಮುಂದೆಯೇ ಹಾದು ಹೋಗುತ್ತಿದ್ದಳು. ಮೇಲೆ ದಪ್ಪ ಅಕ್ಷರದಲ್ಲಿ ‘ಬನ್ನಿ, ಇದು ನಿಮ್ಮದೇ’ ಎಂದು ಬರೆದಿತ್ತು. ಬೇಲಿಗೊಂದು ಗೇಟು, ಗೇಟಿಗೊಬ್ಬ ಕಾವಲುಗಾರ. ನಟ್ಟು ಬೋಲ್ಟಿನ ಮುದುಕ ಒಂದು ದಿನ ಬಂದು ಚಿಮಣಿಯ ಬುಡದಲ್ಲಿ ಕನ್ನಡಕ ಒರೆಸಿ ಒರೆಸಿ ತನ್ನನ್ನು ಹುಡುಕಿದನಂತೆ. ಅವನನ್ನು ನಿಜವಾಗಿಯೂ ಸ್ವಲ್ಪ ದೊಡ್ಡದು ಮಾಡಿದ್ದರು; ಬೇಡಿಕೆ ವರದಿಯಲ್ಲಿ ದಾಖಲಾಗಿತ್ತಲ್ಲ.

ಗೋದಾಮಿಗೆ ಹೋಗುವ ಬಸ್ಸು ನಿಲ್ಲುತ್ತಿದ್ದದ್ದು ಆ ಬೇಲಿಯ ಎದುರಿಗೇ. ಪೆಟ್ಟಿಗೆ ಹೊತ್ತು ಬೆನ್ನು ಹಿಡಿದುಕೊಂಡ ಭಾವ ದಿನವೂ ಅಲ್ಲಿ ಬಸ್ಸಿಗೆ ಕಾಯಬೇಕು, ಎದುರಿಗೆ ಇನ್ನೊಬ್ಬ ಭಾವ ಬಿಳಿ ಅಂಗಿ ಹಾಕಿಕೊಂಡು ಆರಾಮವಾಗಿ ಕೂತಿರಬೇಕು. ಜೊತೆಯ ಕೂಲಿಯವರು ಗುರುತು ಹಿಡಿದು, ಯಜಮಾನರೇ, ಸ್ವಲ್ಪ ಸರಿದು ನಮಗೂ ಬೆಂಚಿನಲ್ಲಿ ಜಾಗ ಕೊಡಿ ಎಂದು ನಗುತ್ತಿದ್ದರು. ಭಾವ ಬಳಸು ದಾರಿಯಲ್ಲಿ ಮುಂದಿನ ನಿಲ್ದಾಣಕ್ಕೆ ನಡೆದು ಹೋಗಿ ಬಸ್ಸು ಹತ್ತಲು ಶುರುಮಾಡಿದರು. ಇದನ್ನು ಅವರು ಹೇಳಿದವರಲ್ಲ, ಚಪ್ಪಲಿ ಸವೆದದ್ದು ನೋಡಿ ಅಕ್ಕ ಕೇಳಿ ತಿಳಿದುಕೊಂಡಳು. ಆವತ್ತೇ ತಮ್ಮನ ಮನೆಗೆ ಬಂದಳು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತಳು.

“ನಿನ್ನ ಹತ್ರ ಇನ್ನೇನೂ ಕೇಳೋಕೆ ಬಂದಿಲ್ಲ. ನಮ್ಮಿಬ್ಬರನ್ನೂ ಅಲ್ಲಿಂದ ತೆಗೆದುಬಿಡು. ನಮ್ಮ ಮುಖ ನಮಗೆ ವಾಪಸ್ ಕೊಡು, ಸಾಕು.”

ಇದೊಂದನ್ನಾದರೂ ಮಾಡದಿದ್ದರೆ ತಾನು ಮನುಷ್ಯನೇ ಅಲ್ಲ ಎಂದು ಹಸಿರಪ್ಪನಿಗೆ ಅನ್ನಿಸಿತು. ಮಾರನೆಯ ಬೆಳಿಗ್ಗೆಯೇ ಮುಖ್ಯ ಯೋಜಕರ ಮುಂದೆ ನಿಂತ. ಅವರು ಹೌಹಾರಿದರು. ಅದು ಅನುಮೋದನೆಯಾದ ಚಿತ್ರ. ಜನರ ಪಾಲ್ಗೊಳ್ಳುವಿಕೆಗೆ ಮಾದರಿ ಎಂದು ಅದಕ್ಕೆ ಪ್ರಶಸ್ತಿ ಬೇರೆ ಬಂದಿದೆ. ಅದರಿಂದ ಜನರನ್ನು ಹಾಗೆ ಬೇಕಾಬಿಟ್ಟಿ ಎಬ್ಬಿಸಲು ಬರುತ್ತದೆಯೇ? ಗಲ್ಲಿಯಿಂದ ಅವರನ್ನು ಎಬ್ಬಿಸಲು ಬಾಗಿಲಿಗೆ ಅಂಟಿಸಿದ ಒಂದು ಹಾಳೆ ಸಾಕಾಗಿತ್ತು. ಚಿತ್ರದಿಂದ ಎಬ್ಬಿಸಲು ಸಮಿತಿ ಸೇರಬೇಕಾಯಿತು.

ಸಮಿತಿ ಸೇರಿತು, ಮುಂದಕ್ಕೆ ಹೋಯಿತು, ಮತ್ತೆ ಸೇರಿತು. ಗಲ್ಲಿಯ ಬಗ್ಗೆ ಒಂದು ಸಾಲು ಬರೆದಿದ್ದವರು ಈ ಇಬ್ಬರ ಬಗ್ಗೆ ಊಟದ ಹೊತ್ತು ಮೀರಿ ಚರ್ಚಿಸಿದರು. ಹಿರಿಯರನ್ನು ತೆಗೆದರೆ ಚಿತ್ರ ಹಿರಿಯರ ವಿರುದ್ಧ ಎಂದು ಕಾಣುವುದಿಲ್ಲವೇ ಎಂದು ಒಬ್ಬರು ಕಳವಳಪಟ್ಟರು. ಬೆಂಚು ಗಟ್ಟಿಯಾಗಿರಬಹುದು, ಒರಗು ಇರುವ ಬೆಂಚು ಹಾಕಿಕೊಟ್ಟರೆ ಅವರು ಒಪ್ಪಬಹುದೇ ಎಂದು ಇನ್ನೊಬ್ಬರು ಕೇಳಿದರು. ಹಸಿರಪ್ಪ ಪ್ರತಿ ಸಲವೂ ಗೋಡೆಗೆ ಒರಗಿ ನಿಂತು, ಅವರಿಗೆ ಬೆಂಚು ಬೇಡ ಎಂದ. ಕೊನೆಗೆ ನಿರ್ಣಯವಾಯಿತು: ಸದರಿ ಇಬ್ಬರು ವ್ಯಕ್ತಿಗಳನ್ನು ತೆಗೆದು ಆ ಜಾಗದಲ್ಲಿ ಸೂಕ್ತ ಹಸಿರು ಕಲ್ಪಿಸತಕ್ಕದ್ದು.

ಹಸಿರಪ್ಪ ಕಂಪ್ಯೂಟರ್ ಮುಂದೆ ಕೂತು ತಾನು ಕಲಿತ ಕೆಲಸವನ್ನು ಮಾಡಿದ. ಭಾವನನ್ನು ಅಳಿಸುವಾಗ ಗೆರೆ ಎರಡು ಸಲ ತಪ್ಪಿತು, ನೆಲ ಗಟ್ಟಿಯಾಗಿಯೇ ಇತ್ತು. ಬೆಂಚಿದ್ದಲ್ಲಿ ಒಂದು ದೊಡ್ಡ ಮರ ನೆಟ್ಟ, ಅಕ್ಕ ಇದ್ದಲ್ಲಿ ಹೂವಿನ ಪೊದೆ. ಎಲೆ ಎಲೆಯನ್ನೂ ಬಿಡಿಸಿದ. ಅಷ್ಟು ಮನಸ್ಸಿಟ್ಟು ಅವನು ಯಾವ ಮರವನ್ನೂ ಬೆಳೆಸಿರಲಿಲ್ಲ. ಮುಗಿಸಿ ನೋಡಿದರೆ ನಾಯಿ ನಿಂತಿತ್ತು. ಅದನ್ನೂ ಅಳಿಸಲು ಹೋದವನನ್ನು ಮುಖ್ಯ ಯೋಜಕರು ತಡೆದರು. ನಿರ್ಣಯದಲ್ಲಿ ಇಬ್ಬರು ವ್ಯಕ್ತಿಗಳು ಎಂದಿದೆಯೇ ಹೊರತು ನಾಯಿ ಎಂದಿಲ್ಲ. ನಾಯಿಗಾಗಿ ಇನ್ನೊಮ್ಮೆ ಸಮಿತಿ ಸೇರಿಸಲು ಸಾಧ್ಯವಿಲ್ಲ.

ಹೊಸ ಹಾಳೆ ಅಂಟಿಸಿದ ದಿನ ಹಸಿರಪ್ಪ ಅಕ್ಕ ಭಾವ ಇಬ್ಬರನ್ನೂ ಕರೆತಂದ. ಭಾವ ಬರುವುದಿಲ್ಲ ಎಂದಿದ್ದರು, ಅಕ್ಕ ಎಬ್ಬಿಸಿಕೊಂಡು ಬಂದಿದ್ದಳು. ಮೂವರೂ ಬಸ್ ನಿಲ್ದಾಣದಲ್ಲಿ ನಿಂತು ಎದುರಿನ ಬೇಲಿ ನೋಡಿದರು. ಕಾರಂಜಿಯ ಪಕ್ಕ ವೆಲ್ಡಿಂಗಿನವನು ನಗುತ್ತಿದ್ದ. ಲೇತಿನವನ ಕೋಟಿನ ಗುಂಡಿಯನ್ನು ಮೊದಲೇ ಹಸಿರಪ್ಪ ಚಿತ್ರದಲ್ಲಿ ಹಾಕಿ ಕೊಟ್ಟಿದ್ದ, ಅದು ಹಾಗೇ ಇತ್ತು. ಶೆಡ್ಡಿನ ಬಾಗಿಲಿದ್ದಲ್ಲಿ ಮರ. ಅದರ ನೆರಳಿನಲ್ಲಿ ಬಿಳಿ ನಾಯಿ, ಹಿಡಿಯುವ ಕೈಯಿಲ್ಲದೆ ಗಾಳಿಯಲ್ಲಿ ನಿಂತ ಬೆಲ್ಟು. ಹಸಿರಪ್ಪ ತೊದಲುತ್ತ ನಿರ್ಣಯದ ಮಾತು ಹೇಳಿದ.

ಭಾವ ಮರವನ್ನೇ ಬಹಳ ಹೊತ್ತು ನೋಡಿದರು. ಗಲ್ಲಿ ಬಿಟ್ಟ ಮೇಲೆ ಅವನ ಜೊತೆ ಅವರು ಆಡಿದ ಮೊದಲ ಮಾತು ಇದು.

“ಮರ ಚೆನ್ನಾಗಿ ಬಂದಿದೆ ಕಣೋ. ನಾವು ಅಲ್ಲಿದ್ವಿ ಅಂತ ಗೊತ್ತೇ ಆಗಲ್ಲ.”

ಅಕ್ಕ ಮರ ನೋಡಲಿಲ್ಲ. ಅವಳ ಕಣ್ಣು ನಾಯಿಯ ಮೇಲಿತ್ತು. ಈ ಸಲ ಹಿಂದೆ ಸರಿಯಲಿಲ್ಲ, ನಗಲೂ ಇಲ್ಲ.

“ಇರಲಿ ಬಿಡು, ಅಳಿಸಬೇಡ,” ಎಂದಳು. “ನಮ್ಮನೆ ಪೈಕಿ ಅಲ್ಲಿ ಜಾಗ ಸಿಕ್ಕಿದ್ದು ಅದೊಂದಕ್ಕೇ.”